ಏಸಿಯೊಳಗಿನ ಮಲ್ಲಣ್ಣ

ಕಳೆದ ತಿಂಗಳು ನಮ್ಮ ಹಳೆಯ ಕಾರನ್ನು ನೋಡಲು ಸಟಾಣಾದಿಂದ ಒಬ್ಬ ದಾಳಿಂಬೆ ಬೆಳೆಗಾರರು ಬಂದಿದ್ದರು. ಟೈರಿಗೆ ಕಾಲಿನಿಂದ ಒದ್ದು ನೋಡಿದರು, ಬಾಗಿಲುಗಳನ್ನು ತೆಗೆದು ಮುಚ್ಚಿ ಮಾಡಿದರು, ಬಾನೆಟ್ ಎತ್ತಿ ಇಣುಕಿ, ಒಳಗಿರುವುದೆಲ್ಲ ತಮ್ಮ ಪರಿಚಯದವರೇ ಎಂಬಂತೆ ತಲೆಯಾಡಿಸಿದರು. ಕೊನೆಗೆ ಸ್ಟೇರಿಂಗ್ ಮುಂದೆ ಕುಳಿತು ಏಸಿ ಹಚ್ಚಿದರು. ತಣ್ಣನೆಯ ಗಾಳಿ ಮುಖಕ್ಕೆ ಬಡಿದದ್ದೇ ತಡ, ಸೀನತೊಡಗಿದರು. ಸೀನು ನಿಂತ ಮೇಲೆ ಮೂಗು ಒರೆಸಿಕೊಳ್ಳುತ್ತ, ಒಳಗೆಲ್ಲ ಅರಿಶಿಣದ ವಾಸನೆ ಬರುತ್ತಿದೆಯಲ್ಲ, ಈ ಗಾಡಿಯಲ್ಲಿ ಮದುವೆ ಏನಾದರೂ ಮಾಡಿದ್ದಿರಾ ಎಂದು ಮರಾಠಿಯಲ್ಲಿ ಕೇಳಿದರು. ನಾನು ನನ್ನ ಗಂಡನ ಮುಖ ನೋಡಿದೆ, ಅವರು ಆಕಾಶ ನೋಡಿದರು. ಬಾಗಿಲ ಹತ್ತಿರ ಕುರ್ಚಿ ಹಾಕಿಸಿಕೊಂಡು ವ್ಯಾಪಾರದ ಉಸ್ತುವಾರಿ ನೋಡುತ್ತಿದ್ದ ಅತ್ತೆ ಸೆರಗನ್ನು ಬಾಯಿಗೆ ಒತ್ತಿಕೊಂಡರು.

ಎಷ್ಟು ಸಲ ತೊಳೆಸಿದರೂ ಹೋಗದ ವಾಸನೆ ಅದು. ನಮಗೆ ರೂಢಿಯಾಗಿ ಗೊತ್ತಾಗುವುದೇ ಇಲ್ಲ. ಪರರು ಸೀನಿದಾಗ ಮಾತ್ರ ನೆನಪಾಗುತ್ತದೆ, ನೆನಪಾದರೆ ಸಂಭಾಜಿನಗರದ ನನ್ನ ಮೊದಲ ಬೇಸಿಗೆ ಇಡಿಯಾಗಿ ಎದುರಿಗೆ ಬಂದು ಕೂರುತ್ತದೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ. ಆಗ ನಗುವ ಸ್ಥಿತಿಯಲ್ಲಿ ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ.

ನನ್ನ ತವರು ಬೀದರ್ ಜಿಲ್ಲೆಯ ಭಾಲ್ಕಿ. ಗಂಡನ ಮನೆಯವರೂ ಆ ಕಡೆಯವರೇ, ಆದರೆ ಮಾವನವರ ಕಾಲದಲ್ಲೇ ನಾಸಿಕ್‌ಗೆ ಬಂದು ನೆಲೆ ನಿಂತವರು. ನನ್ನ ಗಂಡ ಬಸವರಾಜ ಪಂಚವಟಿಯಲ್ಲಿ ಪಂಪಿನ ಬಿಡಿಭಾಗ, ಹನಿ ನೀರಾವರಿಯ ಪೈಪು ಮಾರುತ್ತಾರೆ. ಲೋಕದ ತೊಂದರೆಗಳೆಲ್ಲ ಅವರ ದೃಷ್ಟಿಯಲ್ಲಿ ಎರಡೇ ಬಗೆ: ಒಂದೋ ಎಲ್ಲೋ ಸೋರುತ್ತಿದೆ, ಇಲ್ಲವೇ ಎಲ್ಲೋ ಕಟ್ಟಿಕೊಂಡಿದೆ. ಮಗನಿಗೆ ನೆಗಡಿಯಾದರೂ, ಅಂಗಡಿಯ ಲಾಭ ಇಳಿದರೂ ಇದೇ ವಿವರಣೆ. ನಾನು ಬ್ಯಾಂಕಿನಲ್ಲಿ ಅಧಿಕಾರಿ. ಆ ವರ್ಷ ಬೇಸಿಗೆಗೆ ಮೊದಲು ನನಗೆ ಮ್ಯಾನೇಜರ್ ಆಗಿ ಬಡ್ತಿ ಬಂತು, ಬಡ್ತಿಯ ಬೆನ್ನಿಗೇ ವರ್ಗಾವಣೆಯೂ ಬಂತು. ನಾಸಿಕ್‌ನಿಂದ ನಾಲ್ಕು ತಾಸಿನ ದಾರಿ, ಸಂಭಾಜಿನಗರದಿಂದ ಆಚೆ, ಪೈಠಣ ರಸ್ತೆಯ ಮೇಲೆ ಒಂದು ಸಣ್ಣ ಶಾಖೆ. ಆ ಕುರ್ಚಿಗಾಗಿ ನಾನು ಎಷ್ಟು ವರ್ಷ ಕಾದಿದ್ದೆನೆಂಬುದು ನನಗೊಬ್ಬಳಿಗೇ ಗೊತ್ತು.

ಮಕ್ಕಳಿಬ್ಬರೂ ಪುಣೆಯಲ್ಲಿ ಓದುತ್ತಿದ್ದರು, ಆ ಕಡೆಯ ಚಿಂತೆ ಇರಲಿಲ್ಲ. ಚಿಂತೆ ಇದ್ದದ್ದು ಅತ್ತೆಯದು. ನಮ್ಮ ಅತ್ತೆ ಕಾಶಮ್ಮ ಗಟ್ಟಿ ಹೆಂಗಸು. ಮನೆಯಲ್ಲಿ ಯಾರೂ ಅವರಿಗೆ ಹೆದರುವುದಿಲ್ಲ, ಆದರೆ ಅವರು ಬೇಡ ಅಂದದ್ದು ಈವರೆಗೆ ನಡೆದದ್ದೂ ಇಲ್ಲ. ಸುದ್ದಿ ಕೇಳಿ ಅವರು ರೊಟ್ಟಿ ತಟ್ಟುವುದನ್ನು ನಿಲ್ಲಿಸಿದರು.

"ಈ ವಯಸ್ಸಿನಾಗ ಮನಿ ಬಿಟ್ಟು ಖೋಲಿ ಮಾಡಿಕೊಂಡು ಇರತಿ ಏನವಾ?" ಎಂದು ಕೇಳಿದರು. "ನಿನ್ನ ಕೈಯಾಗ ಉಂಡವರು ಇಲ್ಲಿ, ನೀ ಅಲ್ಲಿ. ಇದ್ಯಾ ಸೀಮಿ ಪ್ರಮೋಷನ್?"

ನನ್ನ ಗಂಡ ನಡುವೆ ಬಂದು ಒಂದು ರಾಜಿ ಮಾಡಿಸಿದರು. ನಾನು ಶನಿವಾರ ಸಂಜೆ ಕಾರಿನಲ್ಲಿ ಮನೆಗೆ ಬರಬೇಕು, ಸೋಮವಾರ ನಸುಕಿಗೆ ಹೊರಡಬೇಕು. ಬೇಸಿಗೆ ಮುಗಿಯುವ ತನಕ ಹೀಗೆ ನಡೆಸಿ ನೋಡುವುದು. ಓಡಾಟ ಒಗ್ಗಿತೆಂದು ಅತ್ತೆಗೆ ಅನ್ನಿಸಿದರೆ ನೌಕರಿ ಮುಂದುವರಿಯುತ್ತದೆ, ಇಲ್ಲವಾದರೆ ಬಡ್ತಿಯನ್ನು ಹಿಂದಿರುಗಿಸಿ ನಾಸಿಕ್‌ನ ಹಳೆಯ ಮೇಜಿಗೆ ವಾಪಸು. ಬ್ಯಾಂಕಿನಲ್ಲಿ ಹಾಗೆ ಬಡ್ತಿ ಬಿಟ್ಟುಕೊಡಲು ಅವಕಾಶವಿದೆ. ಒಮ್ಮೆ ಬಿಟ್ಟರೆ ಮತ್ತೆ ಯಾವಾಗ ಸಿಗುತ್ತದೆಂದು ಯಾರೂ ಹೇಳಲಾರರು. ರೈಲಿದೆ, ಬಸ್ಸಿದೆ ಎಂದು ನೀವು ಕೇಳಬಹುದು. ಇವೆ, ಆದರೆ ನಿಲ್ದಾಣದಿಂದ ಶಾಖೆಗೆ ಹೋಗುವ ಹೊತ್ತಿಗೆ ಗ್ರಾಹಕರು ಬಂದು ಕಾದು ತಿರುಗಿ ಹೋಗಿರುತ್ತಿದ್ದರು.

ಪ್ರತಿ ಸೋಮವಾರ ನಾನು ಹೊರಡುವಾಗ ಅತ್ತೆ ಭಂಡಾರದ ಡಬ್ಬಿ ಹಿಡಿದು ಗೇಟಿಗೆ ಬರುತ್ತಿದ್ದರು. ನಮ್ಮ ಮನೆದೇವರು ಮೈಲಾರ ಮಲ್ಲಣ್ಣ. ಅವನ ಭಂಡಾರವೆಂದರೆ ಅರಿಶಿಣದ ಪುಡಿ, ಅದಿಲ್ಲದೆ ನಮ್ಮಲ್ಲಿ ಯಾವ ಗಾಡಿಯೂ ಹೊಸ್ತಿಲು ಬಿಟ್ಟು ಕದಲುವುದಿಲ್ಲ. ಬೇರೆಯವರು ಚಿಟಿಕೆ ಹಾಕುವಲ್ಲಿ ಅತ್ತೆ ಹಿಡಿ ತುಂಬ ಹಾಕುತ್ತಿದ್ದರು. ಮೊದಲು ನನ್ನ ಹಣೆಗೆ, ಆಮೇಲೆ ಕಾರಿನ ಮುಂದಿನ ಗಾಜಿನ ಬುಡಕ್ಕೆ, ವೈಪರ್ ಇರುವಲ್ಲಿ, ಈ ತುದಿಯಿಂದ ಆ ತುದಿಯವರೆಗೆ. ಬಾಯಿ ಬಿಗಿದಿರುತ್ತಿತ್ತು. ಹೋಗಿ ಬಾ ಎಂಬ ಮಾತು ಕೂಡ ಇಲ್ಲ. ಆ ಎರಚಾಟದಲ್ಲಿ ಹಾರೈಕೆಗಿಂತ ಸಿಟ್ಟೇ ಹೆಚ್ಚು ಎಂದು ನಾನು ತಿಳಿದಿದ್ದೆ. ಪ್ರತಿ ವಾರ ಹಳದಿ ಹಣೆ, ಹಳದಿ ತೋಳು ಹೊತ್ತು ಶಾಖೆಗೆ ಹೋದರೆ ನಮ್ಮ ಕ್ಯಾಶಿಯರ್ ಹುಡುಗಿ ಮನೆಯಲ್ಲಿ ಯಾರಿಗೆ ಅರಿಶಿಣ ಹಚ್ಚಿದಿರಿ ಎಂದು ಕೇಳುವಳು. ನನ್ನ ಬಿಳಿಯ ಕಾಟನ್ ಸೀರೆಗಳೆಲ್ಲ ಆ ಬೇಸಿಗೆಯಲ್ಲಿ ತಾವಾಗಿಯೇ ಕೆನೆಬಣ್ಣಕ್ಕೆ ತಿರುಗಿದವು. ಎಲ್ಲವೂ ಹಣೆಯಿಂದ ಉದುರಿದ್ದು ಎಂದೇ ನನ್ನ ಎಣಿಕೆ.

ಬಿಸಿಲು ಏರುವ ಹೊತ್ತಿಗೆ ಸರಿಯಾಗಿ ಕಾರಿನ ಏಸಿ ಕೆಟ್ಟಿತು. ಕೆಟ್ಟಿತು ಅನ್ನುವುದಕ್ಕಿಂತ ಕೆಡಿಸಿದರು ಅನ್ನಬೇಕು. ಒಂದು ಭಾನುವಾರ ನನ್ನ ಗಂಡ ಗಿರಾಕಿಯೊಬ್ಬರನ್ನು ನೋಡಲು ಚಾಂದವಡ್‌ಗೆ ಹೋಗಿ, ಈರುಳ್ಳಿ ತುಂಬಿದ ಟ್ರಾಲಿಯ ಹಿಂದೆ ನಿಂತವರು, ಟ್ರಾಲಿ ಹೊರಟಿತೆಂದು ಕಾಲು ಒತ್ತಿದರು. ಟ್ರಾಲಿ ಹೊರಟಿರಲಿಲ್ಲ. ಬಂಪರ್ ಒಳಕ್ಕೆ ಹೋಗಿ, ರೇಡಿಯೇಟರ್ ಮುಂದೆ ಇರುವ ಏಸಿಯ ಜಾಲರಿ ಒಡೆದು, ಗ್ಯಾಸೆಲ್ಲ ಬುಸ್ಸೆಂದು ಹಾರಿಹೋಯಿತು. ಟ್ರಾಲಿಯವರ ಮೇಲೆ ಕೂಗಾಡಿ ಬಂದೆನೆಂದು ಇವರು ಹೇಳಿದರು. ಕಾರಿನ ಹಿಂದಿನ ಸೀಟಿನಲ್ಲಿ ಒಂದು ಚೀಲ ಈರುಳ್ಳಿ ಇತ್ತು. ಕೂಗಾಡಿದವರಿಗೆ ಯಾರೂ ಈರುಳ್ಳಿ ಕೊಟ್ಟು ಕಳಿಸುವುದಿಲ್ಲ, ಹಾಗಾಗಿ ಕೈಮುಗಿದು ಬಂದಿರಬೇಕೆಂದು ನಾನು ಲೆಕ್ಕ ಹಾಕಿದೆ.

ನಾಸಿಕ್‌ನ ಅಂಬಡದಲ್ಲಿ ಇವರ ಮೆಚ್ಚಿನ ಮೆಕ್ಯಾನಿಕ್ ಪೋಪಟರಾವ್ ಇದ್ದರು. ಜಾಲರಿ ಹೊಸದು ಹಾಕಿದರು. ಆಮೇಲೆ ಶುರುವಾಯಿತು ಗ್ಯಾಸ್ ತುಂಬುವ ಶಾಸ್ತ್ರ. ಮೊದಲು ಪೈಪುಗಳ ಕೂಡುಗಳಿಗೆಲ್ಲ ಸಾಬೂನಿನ ನೊರೆ ಬಳಿದು ಗುಳ್ಳೆ ಏಳುತ್ತದೆಯೇ ಎಂದು ನೋಡಬೇಕು. ಆಮೇಲೆ ಪಂಪು ಹಚ್ಚಿ ಒಳಗಿನ ಗಾಳಿ, ತೇವ ಎಲ್ಲ ಎಳೆದು ತೆಗೆಯಬೇಕು. ಗೇಜಿನ ಮುಳ್ಳು ಕೆಳಗಿಳಿದು ಅಲ್ಲೇ ನಿಂತರೆ ಸೋರಿಕೆ ಇಲ್ಲವೆಂದು ಅರ್ಥ, ಆಗ ಗ್ಯಾಸ್ ಬಿಡಬೇಕು. ಪಂಪು ಓಡುವಷ್ಟು ಹೊತ್ತು ಚಹಾ ಕುಡಿಯಬೇಕು, ಇದೂ ಶಾಸ್ತ್ರದ ಭಾಗವೇ. ನನ್ನ ಗಂಡ ಟಾರ್ಚ್ ಹಿಡಿದು ಒಂದು ಗುಳ್ಳೆಯನ್ನೂ ಬಿಡದೆ ನೋಡಿ, ಸೋರಿಕೆ ಇಲ್ಲವೆಂದು ಸ್ವತಃ ಪ್ರಮಾಣ ಕೊಟ್ಟರು. ಪೈಪಿನ ವ್ಯಾಪಾರಿಯಾಗಿ ಇಷ್ಟು ಸಂತೋಷವನ್ನು ಅವರು ಈಚೆಗೆ ಕಂಡಿರಲಿಲ್ಲ.

ಸೋಮವಾರ ಹೊರಟೆ. ನಿಫಾಡದ ತನಕ ಏಸಿ ಹಿತವಾಗಿತ್ತು. ಯೇವಲಾದಲ್ಲಿ ಗಾಳಿ ಸಣ್ಣಗಾಯಿತು. ವೈಜಾಪುರದ ಹತ್ತಿರ ಬರುವಾಗ ಯಾರೋ ದೂರದಿಂದ ಬೀಸಣಿಗೆ ಬೀಸಿದ ಹಾಗೆ ಒಂದಿಷ್ಟು ಬರುತ್ತಿತ್ತು. ಬೆಳಗಿನ ದಾರಿ ಹೇಗೋ ಕಳೆಯಿತು. ಶನಿವಾರ ವಾಪಸು ಬರುವಾಗ ನನ್ನ ಅರೆತಲೆನೋವು ಎದ್ದು, ದಾರಿಯ ಕಬ್ಬಿನ ಹಾಲಿನ ಅಂಗಡಿಯಲ್ಲಿ ತಲೆಗೆ ನೀರು ಸುರಿದುಕೊಂಡು ಮಲಗಬೇಕಾಯಿತು. ಅಲ್ಲಿಂದ ಮನೆಗೆ ಫೋನು ಮಾಡಿದ್ದೇ ತಪ್ಪಾಯಿತು. ಫೋನು ಎತ್ತಿಕೊಂಡವರು ಅತ್ತೆ. ಆ ರಾತ್ರಿ ಊಟಕ್ಕೆ ಬಡಿಸುತ್ತ, ಬಿಸಿಲಾಗ ಬಿದ್ದು ಸಾಯಲಿಕ್ಕೆ ಯಾರಾದರೂ ಪ್ರಮೋಷನ್ ತಗೋತಾರೇನು ಎಂದು ಗೋಡೆಯನ್ನು ಕೇಳಿದರು. ಅಲ್ಲಿಂದ ನನಗೆ ಖಚಿತವಾಯಿತು. ನನ್ನ ಕುರ್ಚಿ ಉಳಿಯುವುದು ಬಿಡುವುದು ಬ್ಯಾಂಕಿನ ಕೈಯಲ್ಲಿಲ್ಲ, ಈ ಏಸಿಯ ಕೈಯಲ್ಲಿದೆ.

ನನ್ನ ಗಂಡ ಭಾನುವಾರ ಬೆಳಿಗ್ಗೆಯೇ ಕಾರನ್ನು ಪೋಪಟರಾವ್ ಹತ್ತಿರ ಒಯ್ದರು. ಗೇಜು ನೋಡಿ ಗ್ಯಾಸ್ ಕಡಿಮೆಯಾಗಿದೆ ಎಂದು ಇನ್ನಷ್ಟು ತುಂಬಿದರು. ಮತ್ತೆ ಅದೇ ಕತೆ. ಸಂಭಾಜಿನಗರದಲ್ಲಿ ನನ್ನ ಬಾಡಿಗೆ ಮನೆಯ ಹತ್ತಿರ, ಬೀಡ್ ಬೈಪಾಸಿನಲ್ಲಿ ಬಷೀರಭಾಯಿ ಎಂಬವರ ಗ್ಯಾರೇಜ್ ಇತ್ತು. ಮೂಲ ಆಳಂದದವರು, ನನ್ನ ಮಾತು ಕೇಳಿದ್ದೇ ಕನ್ನಡಕ್ಕೆ ಇಳಿದರು. ಪರವೂರಿನಲ್ಲಿ ಕನ್ನಡ ಆಡುವ ಮೆಕ್ಯಾನಿಕ್ ಸಿಕ್ಕರೆ ಅರ್ಧ ರಿಪೇರಿ ಆದಂತೆಯೇ ಎಂದು ನಾನು ಕಾರು ಅವರಿಗೆ ಒಪ್ಪಿಸಿದೆ. ಮಟಮಟ ಮಧ್ಯಾಹ್ನ ಬಾನೆಟ್ ಎತ್ತಿ ಗೇಜು ಸಿಕ್ಕಿಸಿದರು. ಮುಳ್ಳು ನೋಡಿ ಹಿಂದಕ್ಕೆ ಸರಿದರು.

"ಯಾರ್ರೀ ಅಕ್ಕಾರ ಇಷ್ಟು ಗ್ಯಾಸ್ ತುಂಬ್ಯಾರ? ಇದು ಕಾರ್ ಅದನೋ ಸೋಡಾ ಬಾಟ್ಲಿನೋ?"

ಅವರು ಒಂದಿಷ್ಟು ಗ್ಯಾಸ್ ತೆಗೆದರು. ಅಂದು ಸಂಜೆ ಏಸಿ ಚೆನ್ನಾಗಿದೆ ಅನ್ನಿಸಿತು. ಶನಿವಾರ ನಾಸಿಕ್ ತಲುಪುವಾಗ ಮತ್ತೆ ಬೀಸಣಿಗೆ. ಭಾನುವಾರ ಮುಂಜಾನೆಯ ತಂಪಿನಲ್ಲಿ ಪೋಪಟರಾವ್ ನೋಡಿದರೆ ಗ್ಯಾಸ್ ಕಡಿಮೆ, ತುಂಬಿದರು. ಸಂಭಾಜಿನಗರದ ಉರಿಬಿಸಿಲಲ್ಲಿ ಬಷೀರಭಾಯಿ ನೋಡಿದರೆ ಗ್ಯಾಸ್ ಹೆಚ್ಚು, ತೆಗೆದರು. ಒಬ್ಬರು ನೋಡುವುದು ತಂಪಿನಲ್ಲಿ, ಒಬ್ಬರು ನೋಡುವುದು ಕಾವಿನಲ್ಲಿ, ಅದಕ್ಕೇ ಮುಳ್ಳು ಎರಡು ಊರಲ್ಲಿ ಎರಡು ಮಾತಾಡುತ್ತದೆ ಎಂದು ಆಗ ಯಾರಿಗೂ ಹೊಳೆಯಲಿಲ್ಲ. ನಾನು ಬಷೀರಭಾಯಿಯ ವಿಷಯ ಮನೆಯಲ್ಲಿ ಎತ್ತಲಿಲ್ಲ. ಪೋಪಟರಾವ್ ಎಂದರೆ ಇವರಿಗೆ ಸ್ವಂತ ಅಣ್ಣನಿಗಿಂತ ಹೆಚ್ಚು. ಹೀಗೆ ಆ ಬೇಸಿಗೆಯ ಅರ್ಧ ಭಾಗ ನಾಸಿಕ್‌ನಲ್ಲಿ ತುಂಬಿದ್ದನ್ನು ನಾನು ಸಂಭಾಜಿನಗರಕ್ಕೆ ಹೊತ್ತೊಯ್ದು ಖಾಲಿ ಮಾಡಿಸಿಕೊಂಡು ಬರುತ್ತಿದ್ದೆ.

ಪೋಪಟರಾವ್‌ಗೆ ಅನುಮಾನ ಬಂತು. ಸೋರಿಕೆಯಿಲ್ಲದೆ ಗ್ಯಾಸ್ ಎಲ್ಲಿಗೆ ಹೋಗುತ್ತದೆ? ಒಂದು ಭಾನುವಾರ ಅವರು ಗ್ಯಾಸ್ ಬಿಡುವ ಮೂತಿಯ ಮುಚ್ಚಳಕ್ಕೂ ಪೈಪಿಗೂ ಸೇರಿಸಿ ಕೆಂಪು ಬಣ್ಣದ ಒಂದು ಗೆರೆ ಎಳೆದರು. ಮುಂದಿನ ವಾರ ನೋಡಿದರೆ ಮುಚ್ಚಳದ ಗೆರೆ ಒಂದು ಕಡೆ, ಪೈಪಿನ ಗೆರೆ ಇನ್ನೊಂದು ಕಡೆ. ನನ್ನ ಗಂಡ ಮನೆಗೆ ಬಂದಾಗ ಮುಖ ಇಳಿದುಹೋಗಿತ್ತು. ನಾನೂ ಅತ್ತೆಯೂ ಊಟಕ್ಕೆ ಕುಳಿತಿದ್ದೆವು. ಅವರು ಚಪ್ಪಲಿಯನ್ನೂ ಬಿಡದೆ ಬಾಗಿಲಲ್ಲೇ ನಿಂತು ಕೇಳಿದರು.

"ಖರೇ ಹೇಳು. ಅಲ್ಲಿ ನೀ ಇನ್ನೊಬ್ಬನ ಹಂತ್ಯಾಕ ಹೋಗತೀದಿ, ಹೌದಿಲ್ಲೊ?"

ಅತ್ತೆಯ ಕೈಯ ತುತ್ತು ಕೈಯಲ್ಲೇ ನಿಂತಿತು.

"ಹೋಗತೀನ್ರಿ," ಎಂದೆ. ಸುಳ್ಳು ಹೇಳಿ ಏನು ಮಾಡಲಿ. "ಬಷೀರಭಾಯಿ ಅಂತ. ನಮ್ಮ ಆಳಂದದವರು."

ಅತ್ತೆ ತುತ್ತನ್ನು ತಟ್ಟೆಗೆ ಹಾಕಿ ಎದೆ ಹಿಡಿದುಕೊಂಡರು. ಅದು ಮೆಕ್ಯಾನಿಕ್ ವಿಷಯ ಎಂದು ಬಿಡಿಸಿ ಹೇಳಿ ಅವರಿಗೆ ನೀರು ಕುಡಿಸುವಷ್ಟರಲ್ಲಿ ನಮಗೆ ಸಾಕು ಸಾಕಾಯಿತು. ವಿಷಯ ತಿಳಿದ ಮೇಲೆ ಅವರ ಸಿಟ್ಟು ಮಗನ ಕಡೆಗೆ ತಿರುಗಿತು. ಅಷ್ಟಕ್ಕೆ ಚಪ್ಪಲಿ ಹಾಕಿಕೊಂಡು ಒಳಗ ಬರತಾರೇನು ಎಂದು ಬೈದರು.

ಇವರು ಹಟಕ್ಕೆ ಬಿದ್ದು ಅಂದೇ ಇಬ್ಬರು ಮೆಕ್ಯಾನಿಕ್‌ಗಳಿಗೂ ಫೋನಿನಲ್ಲಿ ಜೋಡಿ ಹಾಕಿ ಸ್ಪೀಕರ್ ಹಚ್ಚಿದರು. ಒಬ್ಬರು ಮರಾಠಿಯಲ್ಲಿ ಶುರು ಮಾಡಿದರು, ಇನ್ನೊಬ್ಬರು ಹಿಂದಿಯಲ್ಲಿ. ತಮ್ಮ ತಮ್ಮ ಗೇಜುಗಳ ಮೇಲೆ ಆಣೆ ಇಟ್ಟರು. ಸ್ವಲ್ಪ ಹೊತ್ತಿಗೆ ದನಿಗಳು ತಗ್ಗಿದವು, ಯಾರ ಗುರುಗಳು ಯಾರು ಎಂದು ವಿಚಾರಿಸಿಕೊಂಡರು, ಕೊನೆಗೆ ಇಬ್ಬರೂ ಒಂದು ತೀರ್ಮಾನಕ್ಕೆ ಬಂದರು. ಏಸಿಯಲ್ಲಿ ದೋಷವಿಲ್ಲ, ಮ್ಯಾಡಮ್ ಬಹುಶಃ ಕಿಟಕಿ ಸರಿಯಾಗಿ ಮುಚ್ಚುವುದಿಲ್ಲ. ಎರಡು ಊರಿನ ಗಂಡಸರು ಒಂದೇ ಮಾತಿಗೆ ಒಪ್ಪಬೇಕಾದರೆ ತಪ್ಪನ್ನು ಹೆಂಗಸಿನ ಮೇಲೆ ಹೊರಿಸಿದರೆ ಸಾಕು. ನನಗೆ ಮೈ ಉರಿದುಹೋಯಿತು.

ಮಾವಿನಹಣ್ಣು ಮನೆ ತುಂಬಿದ ದಿನಗಳು. ಅತ್ತೆ ಒಂದು ಸಂಜೆ ಮಾತು ಮುಗಿಸುವವರಂತೆ ಹೇಳಿದರು: "ಈ ಸರ್ತಿ ನಾನೂ ಬರತೀನಿ. ಹಾದಿ ಹ್ಯಾಂಗದ, ಮನಿ ಹ್ಯಾಂಗದ ನನ್ನ ಕಣ್ಣಿಲೆ ನೋಡತೀನಿ. ಆಮ್ಯಾಲ ಹೇಳತೀನಿ, ಇರಬೇಕೋ ಬಿಡಬೇಕೋ."

ಅದು ತೀರ್ಪಿನ ಪ್ರಯಾಣವೆಂದು ಮೂವರಿಗೂ ಗೊತ್ತಿತ್ತು. ನಾನು ಹಿಂದಿನ ದಿನವೇ ಪೈಠಣ ರಸ್ತೆಯ ನನ್ನ ಕ್ಯಾಬಿನ್ನು, ಗಾಜಿನ ಮೇಲಿನ ನನ್ನ ಹೆಸರು, ಸಾಲ ಕೇಳಲು ಬರುವ ನೇಕಾರ ಹೆಂಗಸರು ನನ್ನನ್ನು ಮ್ಯಾಡಮ್ ಅನ್ನದೆ ತಾಯಿ ಅನ್ನುತ್ತಿದ್ದದ್ದು, ಎಲ್ಲವನ್ನೂ ಮನಸ್ಸಿನಲ್ಲೇ ಒಂದೊಂದಾಗಿ ಬೀಳ್ಕೊಟ್ಟೆ. ಅಳು ಬಂತು, ಅತ್ತುಬಿಟ್ಟೆ. ಅಡುಗೆಮನೆಯಲ್ಲಿ ಈರುಳ್ಳಿ ಹೆಚ್ಚುತ್ತ ಅತ್ತದ್ದರಿಂದ ಯಾರಿಗೂ ಗೊತ್ತಾಗಲಿಲ್ಲ. ಚಾಂದವಡದ ಆ ಚೀಲ ಇನ್ನೂ ಮುಗಿದಿರಲಿಲ್ಲ.

ಅಂದು ಭಾನುವಾರ. ರೊಟ್ಟಿ, ಶೇಂಗಾ ಹಿಂಡಿ, ಮಾವಿನಹಣ್ಣು, ಭಂಡಾರದ ಡಬ್ಬಿ, ಎಲ್ಲವೂ ಕಾರು ಏರಿದವು. ಹೊರಡುವ ಮುಂಚೆ ಅತ್ತೆ ಎಂದಿನಂತೆ ಗಾಜಿನ ಬುಡಕ್ಕೆ ಎರಡು ಹಿಡಿ ಭಂಡಾರ ಎರಚಿ ಮುಂದಿನ ಸೀಟಿನಲ್ಲಿ ಕುಳಿತರು. ಇವರು ಬಿಳಿ ಅಂಗಿ ಇಸ್ತ್ರಿ ಮಾಡಿಸಿ ಹಾಕಿಕೊಂಡಿದ್ದರು. ನಾನು ಹಿಂದೆ ಕುಳಿತೆ. ಹೊರಡುವಷ್ಟರಲ್ಲಿ ತಡವಾಗಿ ಬಿಸಿಲು ಏರಿಬಿಟ್ಟಿತ್ತು.

ನಿಫಾಡದ ತನಕ ಅತ್ತೆ ದ್ರಾಕ್ಷಿ ತೋಟಗಳನ್ನು ನೋಡಿಕೊಂಡು ಖುಷಿಯಾಗಿಯೇ ಇದ್ದರು. ಹಿಂದಿನ ಸೀಟಿಗಂತೂ ಗಾಳಿ ಎಂಬುದು ಅಲ್ಲಿಗೇ ನಿಂತಿತು. ಯೇವಲಾ ಸಮೀಪಿಸಿದಾಗ ಅತ್ತೆ ಸೆರಗಿನಿಂದ ಬೀಸಿಕೊಳ್ಳತೊಡಗಿದರು. ಕಿಟಕಿ ತೆಗೆಯೋಣ ಎಂದೆ. ಇವರು ಕೇಳಲಿಲ್ಲ. ಕಿಟಕಿ ತೆಗೆದರೆ ಪೋಪಟರಾವ್ ಸೋತ ಹಾಗೆ, ಪೋಪಟರಾವ್ ಸೋತರೆ ತಾನು ಸೋತ ಹಾಗೆ. ಬೆವರು ಹಣೆಯಿಂದ ಗಲ್ಲಕ್ಕೆ, ಗಲ್ಲದಿಂದ ಇಸ್ತ್ರಿಯ ಅಂಗಿಗೆ ಇಳಿಯುತ್ತಿದ್ದರೂ ಏಸಿ ಛಂದ ಅದ ಎಂದೇ ಹೇಳುತ್ತಿದ್ದರು. ಯೇವಲಾದ ಪೈಠಣಿ ಸೀರೆಯ ಅಂಗಡಿಗಳು ಹಿಂದೆ ಸರಿದವು. ಅತ್ತೆ ಅವುಗಳ ಕಡೆ ತಿರುಗಿಯೂ ನೋಡಲಿಲ್ಲ. ಅಲ್ಲಿಗೆ ನಾನು ಆಸೆ ಬಿಟ್ಟೆ. ಹಿಂದೆ ಕುಳಿತು, ವೈಯಕ್ತಿಕ ಕಾರಣಗಳಿಂದಾಗಿ ಬಡ್ತಿಯನ್ನು ಬಿಟ್ಟುಕೊಡುತ್ತಿದ್ದೇನೆ ಎಂಬ ವಾಕ್ಯವನ್ನು ಇಂಗ್ಲಿಷಿನಲ್ಲಿ ಜೋಡಿಸತೊಡಗಿದೆ.

"ಗಾಳಿ ಯಾಕ ಬರವಲ್ದೋ ಬಸಣ್ಣಾ?" ಎಂದು ಅತ್ತೆ ಕೇಳಿದರು.

ಇವರಿಗೆ ಇನ್ನು ತಾಳ್ಮೆ ಉಳಿಯಲಿಲ್ಲ. ಫ್ಯಾನಿನ ಗುಂಡಿಯನ್ನು ಕೊನೆಯ ತನಕ ತಿರುಗಿಸಿದರು. ಡ್ಯಾಶ್‌ಬೋರ್ಡ್ ಒಳಗೆ ಏನೋ ಹೂಂಕರಿಸಿತು, ಗಾಳಿ ಬರಲಿಲ್ಲ. ಅಂಗಡಿಯಲ್ಲಿ ಹಟ ಮಾಡುವ ಪಂಪಿಗೆ ಕೊಡುವ ಹಾಗೆ, ಡ್ಯಾಶ್‌ಬೋರ್ಡಿನ ನೆತ್ತಿಯ ಮೇಲೆ ಮುಷ್ಟಿಯಿಂದ ಒಂದು ಗುದ್ದಿದರು.

ಒಳಗೆ ಏನೋ ಹರಿದ ಸದ್ದಾಯಿತು. ಮರುಕ್ಷಣ ಗಾಳಿ ಬರುವ ಕಿಂಡಿಗಳಿಂದೆಲ್ಲ ಒಟ್ಟಿಗೇ ಹಳದಿ ಮೋಡ ನುಗ್ಗಿತು. ನನಗೆ ಮುಂದಿನ ಗಾಜು ಕಾಣಲಿಲ್ಲ, ಗಂಡ ಕಾಣಲಿಲ್ಲ, ಅತ್ತೆ ಕಾಣಲಿಲ್ಲ. ಇವರು ಕೆಮ್ಮುತ್ತ, ಅಂದಾಜಿನ ಮೇಲೆ ಕಾರನ್ನು ರಸ್ತೆಯ ಅಂಚಿಗೆ, ಒಂದು ಈರುಳ್ಳಿ ಶೆಡ್ಡಿನ ಮುಂದೆ ತಂದು ನಿಲ್ಲಿಸಿದರು. ಪುಡಿ ನಿಧಾನಕ್ಕೆ ಕೆಳಗಿಳಿಯಿತು. ಬಿಳಿ ಅಂಗಿ ಹಳದಿಯಾಗಿತ್ತು. ಕನ್ನಡಕ ಹಳದಿಯಾಗಿತ್ತು. ಮೀಸೆ, ರೆಪ್ಪೆ, ಸ್ಟೇರಿಂಗ್, ಮಾವಿನಹಣ್ಣು ಎಲ್ಲ ಹಳದಿ. ಈರುಳ್ಳಿ ಆರಿಸುತ್ತಿದ್ದ ಹೆಂಗಸರು ಕೆಲಸ ಬಿಟ್ಟು ಓಡಿಬಂದು, ಕಾರಿನೊಳಗೆ ಇಣುಕಿ, ನಗಬೇಕೋ ಕೈಮುಗಿಯಬೇಕೋ ತಿಳಿಯದೆ ನಿಂತರು.

ಅತ್ತೆ ಕಣ್ಣು ಮುಚ್ಚಿ ಕುಳಿತಿದ್ದರು. ಇನ್ನೇನು ಬಾಯಿ ತೆರೆದು ಬೇಡ ಅನ್ನುತ್ತಾರೆ, ಮುಗಿಯಿತು ಎಂದು ನಾನು ಅಂದುಕೊಂಡೆ. ಅಷ್ಟರಲ್ಲಿ, ಆ ಬೇಸಿಗೆಯಲ್ಲೇ ಮೊದಲ ಸಲ, ಏಸಿಯಿಂದ ರಭಸವಾಗಿ ತಣ್ಣನೆಯ ಗಾಳಿ ಬೀಸಿತು. ಅತ್ತೆಯ ಮುಂಗೂದಲು ಹಾರಾಡಿತು. ಅವರು ಎರಡೂ ಕೈ ಎತ್ತಿ ಕಿಂಡಿಗೆ ಮುಗಿದರು.

"ಏಳುಕೋಟಿ ಮಲ್ಲಯ್ಯಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, ಹಳದಿ ಮುಖದಲ್ಲಿ ಕಣ್ಣು ತೆರೆದು ಹೇಳಿದರು: "ದೇವರು ನಿನ್ನ ಗಾಡ್ಯಾಗ ಬಂದು ಕುಂತಾನ ಸುಮಿತ್ರಾ. ಇನ್ನ ನೌಕರಿ ಬಿಡಬ್ಯಾಡ. ಬಿಟ್ಟಿ ಅಂದ್ರ ನನ್ನ ಸುದ್ದಿಗಿ ಬರಬ್ಯಾಡ."

ಹೊರಗೆ ನಿಂತಿದ್ದ ಹೆಂಗಸರಿಗೆ ಕನ್ನಡ ಬರುತ್ತಿರಲಿಲ್ಲ, ಮಲ್ಲಯ್ಯ ಎಂಬುದೊಂದು ಸಾಕಾಯಿತು. ನಮ್ಮ ಮಲ್ಲಣ್ಣನೇ ಅವರ ಖಂಡೋಬಾ, ಅವರೂ ಆ ಹೆಸರು ಕೂಗಿ ಕೈಮುಗಿದರು. ಸಂಭಾಜಿನಗರದ ತನಕ ಅತ್ತೆ ಮುಖ ಒರೆಸಿಕೊಳ್ಳಲು ಬಿಡಲಿಲ್ಲ. ಟೋಲಿನವನು ನಮ್ಮ ಮೂವರ ಮುಖವನ್ನು ಒಂದೊಂದಾಗಿ ನೋಡಿ, ಏನೂ ಕೇಳದೆ ದಾರಿ ಬಿಟ್ಟ.

ಮರುದಿನ ಬಷೀರಭಾಯಿ ಡ್ಯಾಶ್‌ಬೋರ್ಡಿನ ಕೈಪೆಟ್ಟಿಗೆ ಬಿಚ್ಚಿ, ಅದರ ಹಿಂದೆ ಇರುವ ಗಾಳಿ ಸೋಸುವ ಫಿಲ್ಟರನ್ನು ಎಳೆದರು. ಬಂದದ್ದು ಹರಿದ ಹೂರಣದ ಹೋಳಿಗೆ. ವಾರ ವಾರ ಗಾಜಿನ ಬುಡಕ್ಕೆ ಬಿದ್ದ ಭಂಡಾರ ಅಲ್ಲಿನ ಕಪ್ಪು ಜಾಲರಿಯಿಂದ ಒಳಗಿಳಿದು, ಫಿಲ್ಟರಿನಲ್ಲಿ ಕೂತು, ತೇವಕ್ಕೆ ಗಟ್ಟಿಯಾಗಿ, ಗಾಳಿಯ ದಾರಿಯನ್ನೇ ಮುಚ್ಚಿತ್ತು. ಬಷೀರಭಾಯಿ ಅದನ್ನು ಅಂಗೈ ಮೇಲೆ ಇಟ್ಟುಕೊಂಡು ತಿರುಗಿಸಿ ನೋಡಿದರು. ಫಿಲ್ಟರನ್ನು ಮೊದಲಿನ ಮೆಕ್ಯಾನಿಕ್ ನೋಡಿರುತ್ತಾರೆಂದು ಬಷೀರಭಾಯಿ ಮುಟ್ಟಿರಲಿಲ್ಲ, ಗ್ಯಾಸಿನ ಗುಂಗಿನಲ್ಲಿ ಪೋಪಟರಾವ್‌ಗೆ ಅದು ನೆನಪೇ ಆಗಿರಲಿಲ್ಲ.

"ಇಬ್ರೂ ಗ್ಯಾಸ್ ನೋಡಿದ್ವಿ ಅಕ್ಕಾರ, ಗಾಳಿ ಯಾರೂ ನೋಡ್ಲಿಲ್ಲ," ಎಂದು ನಕ್ಕುಬಿಟ್ಟರು. ಕಟ್ಟಿಕೊಂಡಿದೆ ಎಂಬ ತಮ್ಮ ಎರಡನೆಯ ಸಿದ್ಧಾಂತವನ್ನು ಇಡೀ ಬೇಸಿಗೆ ಮರೆತಿದ್ದ ನನ್ನ ಗಂಡ ಮಾತ್ರ ನಗಲಿಲ್ಲ. ಬಷೀರಭಾಯಿ ಒಳಗೆಲ್ಲ ತೊಳೆದು, ಇದ್ದ ಗ್ಯಾಸನ್ನೆಲ್ಲ ತೆಗೆದು, ಪಂಪು ಹಚ್ಚಿ ಎಳೆದು, ಈ ಸಲ ಮುಳ್ಳಿನ ಮಾತು ಕೇಳದೆ ತೂಕ ಮಾಡಿ ಗ್ಯಾಸ್ ತುಂಬಿದರು. ಅದಾದ ಮೇಲೆ ಆ ಏಸಿ ಇವತ್ತಿನವರೆಗೆ ಕೆಟ್ಟಿಲ್ಲ. ಇಬ್ಬರು ಮೆಕ್ಯಾನಿಕ್‌ಗಳೂ ಈಗ ಗೆಳೆಯರು, ಹಬ್ಬಕ್ಕೆ ಫೋನು ಮಾಡಿಕೊಳ್ಳುತ್ತಾರೆ.

ಅತ್ತೆಗೆ ನಾವು ಯಾರೂ ಸತ್ಯ ಹೇಳಲಿಲ್ಲ. ತಾನು ಎರಚಿದ್ದೇ ಏಸಿ ಕೆಡಿಸಿತ್ತು ಎಂದು ತಿಳಿದರೆ ಮುದುಕಿ ನೊಂದುಕೊಳ್ಳುತ್ತಾಳೆ ಎಂದು ಇವರು, ದೇವರು ಬಂದಿರಲಿಲ್ಲ ಎಂದು ತಿಳಿದರೆ ತೀರ್ಪು ತಿರುಗಿಬಿಡುತ್ತದೆ ಎಂದು ನಾನು. ಅವರು ಎರಚುತ್ತ ಹೋದರು, ನಾವು ಗುಟ್ಟಾಗಿ ಫಿಲ್ಟರ್ ಬದಲಿಸುತ್ತ ಹೋದೆವು. ಪೈಠಣ ರಸ್ತೆಯ ಶಾಖೆಯಲ್ಲಿ ನಾನು ನನ್ನ ಅವಧಿ ಪೂರ್ತಿ ಮುಗಿಸಿದೆ. ಈಗ ನಾಸಿಕ್‌ನಲ್ಲೇ ಇದ್ದರೂ ಚಾಂದವಡ್, ಸಟಾಣಾ ಎಂದು ಶಾಖೆಗಳ ತಪಾಸಣೆಗೆ ಓಡಾಡುವುದು ತಪ್ಪಿಲ್ಲ. ಅದಕ್ಕೇ ಹೊಸ ಕಾರು ಕೊಳ್ಳುವುದಾಯಿತು, ಅದಕ್ಕೇ ದಾಳಿಂಬೆಯವರು ಬಂದು ಸೀನಿದ್ದು.

ಅವರಿಗೆ ಏನು ಉತ್ತರ ಹೇಳುವುದೆಂದು ನಾನು ತಡವರಿಸುತ್ತಿದ್ದೆ. ಅತ್ತೆ ಬಾಯಿಗೆ ಒತ್ತಿಕೊಂಡಿದ್ದ ಸೆರಗು ತೆಗೆದು, ಕೋಲು ಊರಿ ಎದ್ದು ಬಂದು, ವೈಪರ್ ಕೆಳಗಿನ ಕಪ್ಪು ಜಾಲರಿಯನ್ನು ಬೆರಳಿನಿಂದ ಮುಟ್ಟಿ, ತಮ್ಮ ಮುರುಕು ಮರಾಠಿಯಲ್ಲಿ ಅವರಿಗೆ ತೋರಿಸಿದರು. ಭಂಡಾರ ಇಲ್ಲಿಂದ ಒಳಗೆ ಹೋಗುತ್ತದೆ ಎಂದರು. ನಾನೂ ಇವರೂ ಮುಖ ಮುಖ ನೋಡಿಕೊಂಡೆವು.

"ಅತ್ತೀ, ನಿಮಗ ಗೊತ್ತಿತ್ತೇನ್ರಿ?"

"ಗಾಡಿ ತಂದ ದಿನಾನೇ ನಿನ್ನ ಗಂಡ ಹೇಳ್ಯಾನ, ಹೊರಗಿನ ಗಾಳಿ ಇಲ್ಲಿಂದ ಒಳಗ ಬರತದ ಅಂತ," ಎಂದರು. "ಟಪ್ಪಿನ ಮ್ಯಾಲ, ಗಾಡಿ ನೆತ್ತಿಗಿ ಹಾಕಿದ್ದು ನಿಫಾಡ ದಾಟೂದ್ರಾಗ ಹಾರಿ ಹೋಗತದ. ನೀ ಅಷ್ಟು ದೂರ ಒಬ್ಬಾಕಿನೇ ಹೋಗಾಕಿ. ಅದಕ್ಕ ಇಲ್ಲಿ ಹಾಕತಿದ್ದೆ. ಇಲ್ಲಿ ಹಾಕಿದ್ರ ನಿನ್ನ ತನಕ ಬರತದ."

ಬಾಯಿ ಬಿಗಿದುಕೊಂಡು ಅವರು ಗೇಟಿನಲ್ಲಿ ನಿಲ್ಲುತ್ತಿದ್ದ ಸೋಮವಾರಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ನಾನು ಸಿಟ್ಟೆಂದು ತಿಳಿದದ್ದನ್ನು ಅಷ್ಟು ದಿನ ಉಸಿರಾಡಿಕೊಂಡೇ ಆ ದಾರಿ ಕ್ರಮಿಸಿದ್ದೆ. ದಾಳಿಂಬೆಯವರು ಇನ್ನೊಮ್ಮೆ ಸೀನಿದರು.

ಹೊಸ ಕಾರು ಹೋದ ವಾರ ಬಂತು. ತೆಂಗಿನಕಾಯಿ ಒಡೆದದ್ದಾಯಿತು, ಚಕ್ರಕ್ಕೆ ನಿಂಬೆಹಣ್ಣು ಇಟ್ಟದ್ದಾಯಿತು. ಅತ್ತೆ ಡಬ್ಬಿ ಹಿಡಿದು ಕಾರನ್ನು ಒಂದು ಸುತ್ತು ಬಂದರು, ಮತ್ತೊಂದು ಸುತ್ತು ಬಂದರು. ಆಮೇಲೆ ಕೀಲಿ ಕೊಡಲು ಬಂದಿದ್ದ ಹುಡುಗಿಯನ್ನು ಬಿಟ್ಟು ನೇರವಾಗಿ ನನ್ನ ಹತ್ತಿರ ಬಂದು, ದನಿ ತಗ್ಗಿಸಿ ಕೇಳಿದರು.

"ಇದರಾಗ ಗಾಳಿ ಎಲ್ಲಿಂದ ಒಳಗ ಬರತದವಾ?"

ನಾನು ಅವರ ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ.